ಇಂಜಿನ್ನಿಗೆ ಉಸಿರು ಹುಡುಕಿದ ಮಾದಪ್ಪಣ್ಣ

ಲಾರಿ ಬಂದು ಶೆಡ್ಡಿನ ಮುಂದೆ ನಿಂತರೆ ಬೇರೆ ಮೆಕ್ಯಾನಿಕ್ಕುಗಳು ಬಾನೆಟ್ಟಿನ ಕಡೆ ಹೋಗುತ್ತಾರೆ. ಮಾದಪ್ಪಣ್ಣ ಮಾತ್ರ ಸೈಲೆನ್ಸರಿನ ಕಡೆ ಹೋಗುತ್ತಿದ್ದರು. ನಾಲ್ಕು ಮಾರು ದೂರ ನಿಂತು, ವಿಭೂತಿಯ ಹಣೆಗೆ ಅಂಗೈ ಅಡ್ಡ ಹಿಡಿದು, "ರೈಸ್ ಮಾಡ್ಲಾ" ಎಂದು ಕೂಗುತ್ತಿದ್ದರು. ಆಮೇಲೆ ಬರುವ ಹೊಗೆಯನ್ನು, ಮದುವೆಗೆ ಗಂಡು ನೋಡಲು ಬಂದ ಸೋದರಮಾವನ ಹಾಗೆ ಅನುಮಾನದಿಂದ ನೋಡುತ್ತಿದ್ದರು.

ನೀಲಿ ಹೊಗೆ ಬಂದರೆ ಗಾಡಿ ಆಯಿಲ್ ಕುಡಿಯುತ್ತಿದೆ, ಕಪ್ಪು ಬಂದರೆ ಗಾಳಿ ಸಾಲುತ್ತಿಲ್ಲ. ಸರಗೂರಿನ ಶುಂಠಿ ವ್ಯಾಪಾರಿಯೊಬ್ಬ ತನ್ನ ಲಾರಿಗೆ ಹೊಸ ಬಣ್ಣ ಬಳಿಸಿ, ಹೂವಿನ ಹಾರ ಹಾಕಿಸಿ ತಂದು ನಿಲ್ಲಿಸಿದ್ದ. ಮಾದಪ್ಪಣ್ಣ ಹೊಗೆ ನೋಡಿದವರೇ, "ಮೈಗೆ ಪೌಡರ್ ಬಳ್ಕಂಡದೆ, ಒಟ್ಟೆ ಒಳಗೆ ಪಿಸ್ಟನ್ ರಿಂಗು ಸವೆದೋಗವೆ. ಹಾರ ಬಿಚ್ಚು, ಇನ್ನೂ ಟೇಮ್ ಅದೆ" ಅಂದರು. ಎರಡೇ ವಾರಕ್ಕೆ ಅದು ಅಂತರಸಂತೆ ರಸ್ತೆಯಲ್ಲಿ ನಿಂತುಹೋಯಿತು. ಅವನು ಹಾರ ತೆಗೆದಿಟ್ಟು ಶೆಡ್ಡಿಗೆ ಬಂದ.

ಈ ವಿದ್ಯೆ ಅವರಿಗೆ ಬಂದದ್ದು ಗ್ಯಾರೇಜಿನಲ್ಲಲ್ಲ. ಹುಣಸೂರಿನಲ್ಲಿ ಶೆಡ್ಡು ಹಾಕುವ ಮೊದಲು ಅವರು ಹನಗೋಡಿನ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಲ್ಲಿ ಒಲೆ ಉರಿಸುತ್ತಿದ್ದರು. ಉರಿ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಮನೆಯೊಂದರ ವರ್ಷದ ಬೆಳೆ ಕಪ್ಪಾಗುತ್ತದೆ. ಹಾಗಾಗಿ ಬೆಂಕಿಯ ಮುಖ ನೋಡಿಯೇ ಅವರಿಗೆ ಅದರ ಹಸಿವು ತಿಳಿಯುತ್ತಿತ್ತು.

ನಾನು ಪಿರಿಯಾಪಟ್ಟಣದ ಕಡೆಯವನು, ಸ್ವಂತ ಲಾರಿ ಓಡಿಸಿಕೊಂಡಿದ್ದವನು. ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದ ನನ್ನ ಗೆಳೆಯ ದೋರ್ಜಿ, ಬೇಸಿಗೆಯಲ್ಲಿ ಮನಾಲಿಯಿಂದ ಲೇಹ್‌ಗೆ ತರಕಾರಿ ಸಾಗಿಸುವ ಕೆಲಸ ಹಿಡಿದುಕೊಟ್ಟ. ನನ್ನ ಹಳೆಯ ಗಾಡಿ ಆ ದಾರಿಗೆ ತಡೆಯುತ್ತಿರಲಿಲ್ಲ, ಬೇರೊಂದು ಬೇಕಾಗಿತ್ತು. ಮೈಸೂರಿನಲ್ಲಿ ಹಳೆಯ ಲಾರಿಗಳು ಎರಡು ಮಾರಾಟಕ್ಕಿದ್ದವು. ಒಂದರದ್ದು ಆನೆಯಂಥ ದೊಡ್ಡ ಇಂಜಿನ್. ಇನ್ನೊಂದರದ್ದು ಚಿಕ್ಕದು, ಆದರೆ ಅದಕ್ಕೆ ಟರ್ಬೊ ಇತ್ತು. ನಾನು ದೊಡ್ಡದಕ್ಕೆ ಮನಸ್ಸು ಕೊಟ್ಟಾಗಿತ್ತು. ಸುಮ್ಮನೆ ಒಂದು ಮಾತು ಕೇಳೋಣ ಎಂದು ದೋರ್ಜಿಯ ಜೊತೆ ಶೆಡ್ಡಿಗೆ ಹೋದೆ.

"ಎಷ್ಟೆತ್ತರ ಲಾ ಅದು?" ಅಂದರು ಮಾದಪ್ಪಣ್ಣ. ಅವರು ಮಡಿಕೇರಿಗಿಂತ ಎತ್ತರ ಕಂಡವರಲ್ಲ.

"ಚಾಮುಂಡಿ ಬೆಟ್ಟ ಐದು ತಂದು ಒಂದರ ಮ್ಯಾಲೊಂದು ಇಟ್ಟಂಗೆ ಕಣಣ್ಣ" ಅಂದ ದೋರ್ಜಿ. "ಇಲ್ಲಿರೋ ಗಾಳೀಲಿ ಅಲ್ಲಿ ಅರ್ಧ."

ಮಾದಪ್ಪಣ್ಣ ಟೈರಿನ ಮೇಲೆ ಕೂತರು. ಟೀ ಬಂತು, ತಣ್ಣಗಾಯಿತು.

"ಬ್ಯಾರನ್ ಒಲೆ ದೊಡ್ಡದಾಗದೆ ಅಂತ ಸೌದೆ ತುರುಕ್ತಾ ವೋಗು, ಗಾಳಿ ಕಂಡಿ ಅರ್ಧ ಮುಚ್ಬುಡು. ಏನಾಯ್ತದೆ? ಬರೀ ಹೊಗೆ. ನಿನ್ನ ಆನೇನೂ ಅಂಗೇಯ. ಡೀಸೆಲ್ ಕುಡಿತದೆ, ಉಸ್ರು ಸಾಲಲ್ಲ, ಅರ್ಧ ಬೆಟ್ಟದಲ್ಲಿ ಕುಂತ್ಕತದೆ. ಟರ್ಬೊ ಅಂದ್ರೆ ಕಮ್ಮಾರನ ತಿದಿ ಕಣ್ಲಾ. ಇರೋ ಗಾಳಿನೇ ಒತ್ತಿ ಒತ್ತಿ ಒಳಿಕ್ಕೆ ನೂಕ್ತದೆ. ಚಿಕ್ಕುದ್ನೇ ತಕ್ಕೊ."

"ಆ ದೊಡ್ಡುದ್ರ ಹಾರನ್ ಚೆನ್ನಾಗದೆ ಕಣಣ್ಣ" ಅಂದೆ.

"ಹಾರನ್ ಬಿಚ್ಕಂಡ್ ಬಾ. ಇದುಕ್ಕೇ ಹಾಕ್ಕೊಡ್ತೀನಿ."

ಚಿಕ್ಕದನ್ನೇ ಕೊಂಡೆ. ಮೂರು ದಿನ ಅವರು ಬೇರೆ ಗಾಡಿ ಮುಟ್ಟಲಿಲ್ಲ. ಟರ್ಬೊ ಬಿಚ್ಚಿ, ಅದರ ಚಕ್ರ ಅಲ್ಲಾಡುತ್ತದೆಯೇ ಎಂದು ಬೆರಳ ತುದಿಯಲ್ಲಿ ನೋಡಿದರು. ಗಾಳಿಯ ಪೈಪುಗಳನ್ನೆಲ್ಲ ಬದಲಿಸಿದರು. "ಏರು ಹತ್ತಿ ನಿಲ್ಸುದ್ ಕೂಡ್ಲೆ ಆಫ್ ಮಾಡ್ಬ್ಯಾಡ, ಅದು ಓಡಿ ಬಂದಿರ್ತದೆ, ಸುಧಾರಿಸ್ಕಳಕ್ಕೆ ಬುಡು" ಎಂದು ಹತ್ತು ಸಲ ಹೇಳಿದರು. ಪಕ್ಕದ ಟೀ ಅಂಗಡಿಯವನು ಮಾತ್ರ, "ಮಡಿಕೇರಿ ದಾಟ್ದೆ ಇರೋರು ಹಿಮಾಲಯಕ್ಕೆ ಇಂಜಿನ್ ಆರಿಸ್ತವ್ರೆ ಬನ್ರಪ್ಪಾ, ನೋಡಿ" ಎಂದು ಬಂದವರಿಗೆಲ್ಲ ಸಾರುತ್ತಿದ್ದ. ಮಾದಪ್ಪಣ್ಣ ಕೇಳಿಸಿಕೊಳ್ಳದವರಂತೆ ಇದ್ದರು. ಹೊರಡುವಾಗ ಮಾತ್ರ ಕಿಟಕಿಯ ಹತ್ತಿರ ಬಂದು ಮೆಲ್ಲಗೆ, "ನಾನ್ ಯೋಳಿದ್ದು ತಪ್ಪಾಗಿದ್ರೆ ಬಯ್ಕಂಡು ವಾಪಸ್ ಇಳ್ದುಬುಡು ಕಣಪ್ಪ" ಅಂದರು.

ದೋರ್ಜಿ ತಿಂಗಳ ಮುಂಚೆಯೇ ಲೇಹ್‌ಗೆ ಹೋಗಿದ್ದರಿಂದ ಅಲ್ಲಿನ ಗಾಳಿಗೆ ಒಗ್ಗಿದ್ದ. ಮನಾಲಿಗೆ ಇಳಿದು ಬಂದು ನನ್ನ ಗಾಡಿ ಹತ್ತಿದ. ದಾರಿಯಲ್ಲಿ ಕೇಲಾಂಗ್ ಎಂಬ ಊರಿನಲ್ಲಿ ಉಳಿಯೋಣ ಅಂದ. "ಇಂಜಿನ್ ಚೆನ್ನಾಗದೆ, ನಡಿಯೋ" ಅಂದೆ. ಬಾರಾಲಾಚಾ ಎಂಬ ಘಟ್ಟದ ಏರಿನಲ್ಲಿ ದೊಡ್ಡ ದೊಡ್ಡ ಲಾರಿಗಳು ಕಾಡಿಗೆಯಂಥ ಹೊಗೆ ಕಾರುತ್ತಾ ತೆವಳುತ್ತಿದ್ದವು. ನಾನು ಅವನ್ನೆಲ್ಲ ಹಿಂದೆ ಹಾಕಿ ಕನ್ನಡಿಯಲ್ಲಿ ನೋಡಿದರೆ ನಮ್ಮ ಹಿಂದೆ ಹೊಗೆಯೇ ಇಲ್ಲ, ಬರೀ ಆಕಾಶ. ಮಾದಪ್ಪಣ್ಣನ ಹೆಸರು ಹಿಡಿದು ಕೂಗಿಬಿಟ್ಟೆ.

ಅಲ್ಲಿಂದ ಒಂದು ಗಂಟೆಗೆ ನನ್ನ ತಲೆ ಸೀಳಿದಂತಾಯಿತು. ವಾಂತಿ. ಎಡ ಯಾವುದು, ಬಲ ಯಾವುದು ತಿಳಿಯಲಿಲ್ಲ. ದೋರ್ಜಿ ನನ್ನನ್ನು ಪಕ್ಕಕ್ಕೆ ಎಳೆದು ಹಾಕಿ, ಸ್ಟೇರಿಂಗ್ ಹಿಡಿದು, ಲೋಡಿನ ಸಮೇತ ಗಾಡಿ ತಿರುಗಿಸಿ ಕೆಳಗಿಳಿಸಿದ. ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ.

ಊರಿಗೆ ಬಂದು ಮೊದಲು ಏರಿನ ಕಥೆ ಹೇಳಿದೆ. ಮಾದಪ್ಪಣ್ಣನ ಮುಖ ಅರಳಿತು. ಟೀ ಅಂಗಡಿಯ ಕಡೆ ತಿರುಗಿ, "ಕಿವಿ ತೊಳ್ಕಂಡು ಕೇಳುಸ್ಕಳ್ಲಾ!" ಎಂದು ಕೂಗಿದರು. ದೋರ್ಜಿ ನಗುತ್ತಾ, "ಗಾಡಿ ಹತ್ತಿತು ಕಣಣ್ಣ, ಡ್ರೈವರೇ ಹತ್ತಲಿಲ್ಲ" ಎಂದು ಮಿಕ್ಕಿದ್ದನ್ನು ಹೇಳಿದ.

ಅವರ ನಗು ನಿಂತೇಹೋಯಿತು. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಅರ್ಧ ಗಾಳಿ ಅಂತ ನೀನೇ ಯೋಳಿದ್ದೆ" ಅಂದರು ದೋರ್ಜಿಗೆ. "ಇಂಜಿನ್‌ಗೆ ತಿದಿ ಕೊಟ್ಟೆ. ಇವ್ನೂ ಅದೇ ಗಾಳಿ ಕುಡಿಬೇಕು ಅಂತ ನಂಗೆ ಹೊಳಿನೇ ಇಲ್ವಲ್ಲೋ."

"ಬುಡಣ್ಣ, ಬದುಕಿದ್ದೀನಲ್ಲ" ಅಂದೆ.

"ಸುಮ್ಕಿರು ನೀನು!" ಎಂದು ಗದರಿದರು. ಅವರು ನನ್ನನ್ನು ಗದರಿದ್ದು ಅದೊಂದೇ ಸಲ.

ಗಾಡಿಯ ವಿಷಯಕ್ಕೆ ಯಾರನ್ನೂ ಕೇಳದ ಮನುಷ್ಯ ಆ ಚಳಿಗಾಲದಲ್ಲಿ ಬಸ್ ಹತ್ತಿ ಪಿರಿಯಾಪಟ್ಟಣಕ್ಕೆ ಹೋಗಿ, ಲೇಹ್‌ನಲ್ಲಿ ಕೆಲಸ ಮಾಡಿದ್ದ ನಿವೃತ್ತ ಸೈನಿಕರೊಬ್ಬರನ್ನು ಹುಡುಕಿ, ಅವರ ಜಗುಲಿಯಲ್ಲಿ ಇಡೀ ದಿನ ಕೂತು ಬಂದರಂತೆ. ಮುಂದಿನ ಬೇಸಿಗೆ ನಾನು ಹೊರಡುವ ಮುನ್ನ ಎದುರಿಗೆ ಕೂರಿಸಿಕೊಂಡು ಹೇಳಿದರು:

"ಆ ಕೇಲಾಂಗಲ್ಲಿ ಎರಡು ದಿವ್ಸ ಪೂರ್ತಿ ಮಲಗು. ಬೀಡಿ ಮುಟ್ಬ್ಯಾಡ. ನೀರು ಕುಡಿ. ತಲೆ ಹಿಡ್ಕೊತು ಅಂದ್ರೆ ಮ್ಯಾಕ್ಕೆ ವೋಗ್ಬ್ಯಾಡ, ಇಳಿ."

"ಎರಡು ದಿನ ಮಲಗಿದ್ರೆ ಒಂದು ಟ್ರಿಪ್ಪೇ ಒಂಟೋಯ್ತದಲ್ಲಣ್ಣ."

"ವೋಗ್ಲಿ. ಗಾಡಿ ಕೆಟ್ರೆ ಬಿಚ್ಚಿ ಜೋಡುಸ್ತೀನಿ. ನಿನ್ನ ಬಿಚ್ಚಿ ಜೋಡ್ಸಕ್ಕೆ ನಂಗ್ ಬರಲ್ಲ ಕಣ್ಲಾ."

ಕೇಲಾಂಗಿನಲ್ಲಿ ಮಲಗಿದ್ದ ಮೊದಲನೆಯ ದಿನ ಮಧ್ಯಾಹ್ನ ಹುಣಸೂರಿನಿಂದ ಫೋನ್ ಬಂತು. ಮಾಡಿದವನು ಟೀ ಅಂಗಡಿಯವನು. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಾಗ ಮಾದಪ್ಪಣ್ಣ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಎಷ್ಟು ಓಡಿಸಿದರೂ ಮಣ್ಣು ಮಾಡುವ ಹೊತ್ತಿಗೆ ಮುಟ್ಟುವ ದೂರದಲ್ಲಿ ನಾನಿರಲಿಲ್ಲ. "ಏನ್ ಮಾಡಣ?" ಅಂದ ದೋರ್ಜಿ. ನಾನು ಮತ್ತೆ ಮಲಗಿದೆ. ಎರಡನೆಯ ದಿನವೂ ಮಲಗಿದೆ, ಬೀಡಿ ಮುಟ್ಟಲಿಲ್ಲ, ನೀರು ಕುಡಿದೆ.

ಮೂರನೆಯ ದಿನ ಬೆಳಿಗ್ಗೆ ಬಾರಾಲಾಚಾ ಹತ್ತಿದೆವು. ತುದಿಯಲ್ಲಿ ಗಾಡಿ ನಿಲ್ಲಿಸಿ ಇಳಿದು, ಒಂದಿಷ್ಟು ಓಡಾಡಿ ನೋಡಿದೆ. ತಲೆ ನೋಯಲಿಲ್ಲ. ನೋಯಲಿಲ್ಲ ಎಂದು ಹೇಳಬೇಕಾಗಿದ್ದದ್ದು ಅವರೊಬ್ಬರಿಗೇ.