ನನ್ನ ಅಂಕಣ ಬಾವಿಗೆ ಬೀಗ ಹಾಕಿಸಿದ ಕತೆ

ಹೋದ ತಿಂಗಳು ನನ್ನ ಅಂಕಣವೊಂದು ಲ್ಯಾಮಿನೇಟ್ ಆಯಿತು. ಬರೆಯುವವರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇನ್ನೇನಿದೆ? ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಲ್ಯಾಮಿನೇಟ್ ಮಾಡಿಸಿದವನು ನನ್ನ ಮೈದುನ ಶಿವರಾಜ. ಗಡಿಯಾಚೆ, ಮಹಾರಾಷ್ಟ್ರದ ಔರಾದ ಶಹಾಜನಿ ಹತ್ತಿರದ ನಮ್ಮ ಮನೆತನದ ಹೊಲ ನೋಡಿಕೊಳ್ಳುವವನು ಅವನೇ. (ನಾನು, ನನ್ನ ಗಂಡ ನಿಲಂಗಾದಲ್ಲಿರುತ್ತೇವೆ. ಹೊಲಕ್ಕೆ ಹೋಗುವುದು ಎಳೆ ಜೋಳದ ಸೀತನಿ ತಿನ್ನಲು ಮಾತ್ರ.)

ಆ ಹೊಲದ ಬಾವಿಯ ಬಗ್ಗೆ ಬರೆದಿದ್ದೆ, ನಿಮಗೆ ನೆನಪಿರಬಹುದು. ನನ್ನ ಗಂಡನ ಅಜ್ಜ ಸ್ವಂತ ಕೈಯಿಂದ ತೋಡಿದ ಬಾವಿ ಎಂದು. ಗುದ್ದಲಿ, ಬೆವರು, ಮೊದಲ ನೀರು ಕಂಡಾಗ ಅಜ್ಜನ ಕಣ್ಣಲ್ಲೂ ನೀರು, ಎಲ್ಲ ಇತ್ತು. ಆಧಾರ? ಊಟಕ್ಕೆ ಕೂತಾಗ ಮನೆಯವರು ಹೇಳಿದ ಮಾತು. ಕಣ್ಣೀರಂತೂ ನನ್ನದೇ ಸೇರ್ಪಡೆ.

ಶಿವರಾಜ ಅದನ್ನು ಹಿಡಿದುಕೊಂಡು ನೇರ ಗ್ರಾಮ ಪಂಚಾಯಿತಿಗೆ ಹೋಗಿದ್ದ. ಬಾವಿಗೆ ಬೇಲಿ ಹಾಕಿಸಿ, ಗೇಟಿಗೆ ಬೀಗ ಜಡಿದಿದ್ದ. ಕುರಿಗಾರರು ಪಂಚಾಯಿತಿಗೆ ತಕರಾರು ಕೊಟ್ಟಿದ್ದರು. ಕನ್ನಡದ ಒಂದಕ್ಷರ ಬಾರದ ಸರಪಂಚರ ಮುಂದೆ ನನ್ನ ಬರಹ ಇಟ್ಟು, "ಬಘಾ, ಪೇಪರಾತ ಆಲಂಯ" ಎಂದನಂತೆ. ಪೇಪರಿನಲ್ಲೇ ಬಂದ ಮೇಲೆ ಇನ್ನೇನು ಬೇಕು? ಬೀಗ ಉಳಿಯಿತು.

ಇದೆಲ್ಲ ನನಗೆ ಗೊತ್ತಾದದ್ದು ಮಾಳವ್ವ ನಮ್ಮ ಮನೆಗೆ ಬಂದಾಗ.

ಅರವತ್ತು ದಾಟಿದ ಹೆಂಗಸು. ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆತನ. ಹಣೆ ತುಂಬ ಅರಿಸಿನದ ಭಂಡಾರ. ಚಹಾ ಕೊಟ್ಟೆ, ಮುಟ್ಟಲಿಲ್ಲ.

"ಅಕ್ಕೋರೆ, ಬಾವಿ ನಿಮ್ಮಜ್ಜ ತೋಡ್ಯಾನ ಅಂತ ಬರದೀರಂತಲ್ಲ. ನೀವು ನೋಡೀರೇನು?"

"ಇಲ್ಲವ್ವಾ. ಮನ್ಯಾಗ ಹೇಳ್ತಾರ."

"ನಮ್ಮ ಮನ್ಯಾಗೂ ಹೇಳ್ತಾರ್ರೀ, ನಮ್ಮ ಮುತ್ಯಾ ಒಬ್ಬನೇ ತೋಡ್ಯಾನ ಅಂತ. ನಾ ಯಾವ ಪೇಪರಿನಾಗ ಬರೀಲಿ?"

ಚಹಾದ ಕಪ್ಪನ್ನು ಅವಳತ್ತ ಇನ್ನಷ್ಟು ಸರಿಸಿದೆ.

ಗೇಟಿಗೆ ಬೀಗ ಬಿದ್ದಾಗಿನಿಂದ ಅವಳ ಕುರಿಗಳು ನೀರಿಗಾಗಿ ಡಾಂಬರು ರಸ್ತೆ ದಾಟಿ ಹೋಗುತ್ತಿದ್ದವು. ಹಿಂದಿನ ವಾರ ಎರಡು ಮರಿ ಲಾರಿಯ ಕೆಳಗೆ ಸಿಕ್ಕು ಸತ್ತವಂತೆ. ಅವಳು ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಸುಮ್ಮನೆ ಹೇಳಿದಳು.

ಆಮೇಲೆ ಎಲೆ ಅಡಿಕೆಯ ಸಂಚಿಯಿಂದ ಮಡಿಸಿದ ಕಾಗದವೊಂದನ್ನು ತೆಗೆದಳು.

"ಅವ್ವ ಸಾಯೂಮುಂದ ಕೊಟ್ಟಾಳ. ಬಾವಿದು ಅಂತಿದ್ದಳು. ಏನ್ ಬರದಾರೋ ಯಾರಿಗೂ ಗೊತ್ತಿಲ್ಲ. ಓದ್ತೀರೇನು?"

ಉರ್ದು. ನಾನು ಇತಿಹಾಸದಲ್ಲಿ ಎಂ.ಎ., ಅದೂ ಫಸ್ಟ್ ಕ್ಲಾಸು (ಹೇಳಿಕೊಳ್ಳಬಾರದು, ಆದರೂ). ನಿಜಾಮನ ಕಂದಾಯ ಪದ್ಧತಿಯ ಮೇಲೆ ಪುಟಗಟ್ಟಲೆ ಉತ್ತರ ಬರೆದವಳು. ಆ ಕಾಲದ ಒಂದೇ ಒಂದು ಹಾಳೆ ಕೈಗೆ ಬಂದಾಗ ಅದನ್ನು ತಲೆಕೆಳಗಾಗಿ ಹಿಡಿದಿದ್ದೆ!

ಮರುದಿನ ಇಬ್ಬರೂ ಉದಗೀರದ ಎಸ್‌ಟಿ ಬಸ್ಸು ಹತ್ತಿದೆವು. ಅಲ್ಲಿ ಖಾದರ್ ಮಾಸ್ತರರಿದ್ದಾರೆ, ಉರ್ದು ಶಾಲೆಯಿಂದ ನಿವೃತ್ತರಾದವರು. ಹಳೆಯ ಕಾಗದ ಎಂದರೆ ಊಟ ಬಿಟ್ಟು ಏಳುವ ಮನುಷ್ಯ. ಕೈ ತೊಳೆದು, ಒರೆಸಿಕೊಂಡು, ಭೂತಗನ್ನಡಿ ಹಿಡಿದು ಕೂತರು. ಅರ್ಧ ಗಂಟೆ ಓದಿದರು. ಆಮೇಲೆ ನಕ್ಕರು.

"ನೀವಿಬ್ಬರೂ ಹೇಳೂದು ಅರ್ಧ ಸುಳ್ಳು ಅದ."

ಅದು ತಹಸೀಲ್ದಾರರ ತೀರ್ಪು. ಇದೇ ಬಾವಿ, ಇದೇ ಜಗಳ, ಆಗಲೂ! ಜಾಗ ನಮ್ಮ ಅಜ್ಜನದು. ಕಲ್ಲು ಒಡೆದು ಮಣ್ಣು ಹೊತ್ತವರು ಕುರಿಗಾರರು. ಅದಕ್ಕಾಗಿ ಮಧ್ಯಾಹ್ನದ ಮೇಲೆ ಕುರಿಗಳಿಗೆ ನೀರು ಬಿಡಬೇಕು, ಯಾರೂ ತಡೆಯಕೂಡದು. ಕೆಳಗೆ ದುಡಿದವರ ಹೆಸರುಗಳು. ಮಾಸ್ತರರು ಒಂದೊಂದೇ ಓದುತ್ತ ಬಂದರು. ಆರನೆಯದು, "ಮಾಳವ್ವ."

"ನಮ್ಮ ಆಯಿ! ಮುತ್ಯಾನ ಹೇಣ್ತಿ!" ಮಾಳವ್ವ ಕೂತಲ್ಲಿಂದ ಎದ್ದೇಬಿಟ್ಟಳು. "ಆಕಿ ಹೆಸರೇ ನನಗ ಇಟ್ಟಾರ. ಬರೇ ಮುತ್ಯಾಂದೇ ಹೇಳ್ತಿದ್ದರು ನೋಡ್ರಿ. ಆಕಿ ಮಣ್ಣು ಹೊತ್ತಾಳಂತ ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲಿ ಅದರೀ ಆಕಿ ಹೆಸರು?"

ಅವಳು ಸಾಲಿನ ಎಡತುದಿಯಲ್ಲಿ ಬೆರಳಿಟ್ಟಳು. ಉರ್ದು ಓದುವುದು ಬಲದಿಂದ. ಮಾಸ್ತರರು ಕಾಗದವನ್ನು ಮೆಲ್ಲಗೆ ಸರಿಸಿ, ಬೆರಳು ಬಲಗಡೆಯ ಹೆಸರಿನ ಮೇಲೆ ಬರುವಂತೆ ಮಾಡಿದರು. ಬೆರಳು ಬಹಳ ಹೊತ್ತು ಅಲ್ಲೇ ಇತ್ತು. ನಾವಿಬ್ಬರೂ ಕಿಟಕಿಯಾಚೆ ನೋಡುತ್ತ ಕೂತೆವು.

ನನಗೋ ಅವಸರ. ಈಗಲೇ ಹೋಗಿ ಶಿವರಾಜನಿಗೆ ತೋರಿಸೋಣ ಎಂದು ಎದ್ದೆ. ಮಾಸ್ತರರು ತಡೆದರು.

"ಕೂಡ್ರಿ ಅಕ್ಕೋರೆ. ಮೊದಲ ಕೇಳಿದ ಮಾತು ನಂಬಿ ಓಡಿದ್ರಿ, ಈಗ ಒಂದು ಕಾಗದ ನಂಬಿ ಓಡ್ತೀರೇನು? ಇದು ನಕಲು ಅದ. ಅಸಲು ಹುಡುಕ್ರಿ. ಎರಡೂ ಬಾಜೂಕ ಇಟ್ಟು ಓದೂಣು."

ಬೈಸಿಕೊಂಡದ್ದು ಒಳ್ಳೆಯದೇ ಆಯಿತು. ಅರ್ಜಿ ಕೊಟ್ಟು ನಿಲಂಗಾದ ತಹಸೀಲ್ ಕಚೇರಿಯ ಹಳೆಯ ದಫ್ತರಿನ ಕೋಣೆಗೆ ಮೂರು ಸಲ ಹೋದೆವು. ಧೂಳಿಗೆ ನನ್ನ ಸೀನು ನಿಲ್ಲಲೊಲ್ಲದು. ಮೂರನೆಯ ಸಲ, ಕೆಂಪು ಬಟ್ಟೆಯ ಗಂಟೊಂದರಲ್ಲಿ ಅಸಲು ಸಿಕ್ಕಿತು. ಮಾಸ್ತರರೇ ಉದಗೀರದಿಂದ ಬಂದು ಓದಿದರು. ಮಾತು ಮಾತಿಗೆ ತಾಳೆಯಾಯಿತು. ಜೊತೆಗೆ, ನಕಲಿನಲ್ಲಿ ಇಲ್ಲದ್ದೊಂದು ಅಲ್ಲಿತ್ತು. ತೀರ್ಪಿನ ಕೆಳಗೆ, ಒಪ್ಪಿದ್ದೇನೆಂದು ನಮ್ಮ ಅಜ್ಜನ ಸಹಿ, ಹಳೆಯ ಮರಾಠಿಯ ಮೋಡಿ ಲಿಪಿಯಲ್ಲಿ.

ಆ ಸಹಿಯ ಫೋಟೋ ತೆಗೆದುಕೊಂಡು ಹೊಲಕ್ಕೆ ಹೋದೆ.

"ವೈನಿ, ನೀವು ಯಾರ ಕಡೆಯವರು?" ನಾನು ಮಾಳವ್ವನ ಜೊತೆ ಓಡಾಡಿದ್ದು ಆಗಲೇ ಕಿವಿಗೆ ಬಿದ್ದು ಶಿವರಾಜ ಕೆಂಡವಾಗಿದ್ದ.

"ನೀ ಮೊದಲ ಇದು ನೋಡಪ್ಪಾ."

ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಮನೆಯ ಹಳೆಯ ಪತ್ರಗಳಲ್ಲಿ ಅವನು ಚಿಕ್ಕಂದಿನಿಂದ ಕಂಡ ಸಹಿ ಅದು. ಸಿಟ್ಟು ಇಳಿಯುವುದು ಮುಖದಲ್ಲೇ ಕಾಣುತ್ತಿತ್ತು.

"ಅಜ್ಜಾ ಒಪ್ಪಿ ಸಹಿ ಮಾಡ್ಯಾನ. ಇನ್ನ ಇಲ್ಲ ಅನ್ಲಿಕ್ಕ ನಾ ಯಾಂವಾ?"

ಅವತ್ತೇ ಮಧ್ಯಾಹ್ನ ಗೇಟು ತೆಗೆದ. (ಬೆಳಿಗ್ಗೆ ಈಗಲೂ ಬೀಗ ಇರುತ್ತದೆ. ಕಾಗದದಲ್ಲಿ 'ಮಧ್ಯಾಹ್ನದ ಮೇಲೆ' ಅಂತಲೇ ಇದೆಯಲ್ಲ ಎನ್ನುತ್ತಾನೆ. ಅದೂ ಸರಿಯೇ.)

ಸತ್ತ ಮರಿಗಳು ತಿರುಗಿ ಬರಲಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ನನ್ನ ಬರಹ ಅಚ್ಚಾಗಿದ್ದರಿಂದಲೇ ಪುರಾವೆ ಆಯಿತು. ಮಾಳವ್ವನ ಮನೆಯ ಕತೆ ಅಚ್ಚಾಗದ್ದರಿಂದ ಸುಳ್ಳಾಯಿತು. ಎರಡನ್ನೂ ತಿದ್ದಿದ್ದು ಆವತ್ತು ಅಲ್ಲಿದ್ದವರು ಬರೆದಿಟ್ಟ ಹಾಳೆ. ಅಜ್ಜ ಒಬ್ಬರೇ ತೋಡಿದರೆಂಬ ಮಾತನ್ನು, ಅವರ ಕಣ್ಣೀರಿನ ಸಮೇತ, ಇಲ್ಲಿ ಹಿಂದಕ್ಕೆ ಪಡೆಯುತ್ತಿದ್ದೇನೆ. ಸೋಮವಾರದಿಂದ ಮಾಸ್ತರರ ಹತ್ತಿರ ಉರ್ದುವಿನ ಅಲಿಫ್, ಬೇ ಕಲಿಯುತ್ತಿದ್ದೇನೆ.

ಇತಿಹಾಸ ಓದಿ ಏನು ಸಿಗುತ್ತದೆ ಎಂದು ನನ್ನನ್ನು ಕೇಳುವವರು ಬಹಳ ಜನ. ಒಂದು ಮಧ್ಯಾಹ್ನ ನಮ್ಮ ಹೊಲಕ್ಕೆ ಬಂದು, ಆ ಪ್ರಶ್ನೆಯನ್ನು ಕುರಿಗಳಿಗೇ ಕೇಳಬಾರದೇಕೆ?