ಪಿನ್ನು ಬಿಚ್ಚದ ಮನುಷ್ಯ

ನನ್ನ ತಮ್ಮ ಕ್ರಾಂತಿಕುಮಾರ ನಮ್ಮ ಮನೆಯ ಹೊಸ್ತಿಲು ತುಳಿದು ನಾಲ್ಕು ತಿಂಗಳಾಯಿತು. ಬಾ ಎಂದು ನಾನು ಕರೆದಿಲ್ಲ, ಕರೆಯುವುದೂ ಇಲ್ಲ. ನೆಂಟರು ಕೇಳಿದರೆ ಅವನಿಗೆ ಅಂಗಡಿಯಲ್ಲಿ ಪುರುಸೊತ್ತಿಲ್ಲ ಎನ್ನುತ್ತೇನೆ. ನಿಜ ಹೇಳಲು ಹೊರಟರೆ ನನ್ನ ಗಂಡ ಭೀಮರಾಜನ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ, ನನ್ನ ಮಾನವೂ ಅದರಲ್ಲಿ ಸ್ವಲ್ಪ ಹೋಗುತ್ತದೆ. ಹೋಗಲಿ, ಇವತ್ತು ಹೇಳಿಯೇ ಬಿಡುತ್ತೇನೆ.

ಭೀಮರಾಜ ಹಗರಿಬೊಮ್ಮನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹುಟ್ಟಿದ್ದು ಹೊಳೆ ದಂಡೆಯ ಮಾಗಳದಲ್ಲಿ. ನನ್ನ ಅತ್ತೆ ಮಾಳಮ್ಮ ಕಂಡವರ ಹೊಲದಲ್ಲಿ ಕಳೆ ತೆಗೆದು, ಸಂತೆಯ ದಿನ ಮಗನನ್ನು ಕರೆದುಕೊಂಡು ಹಡಗಲಿಗೆ ಬರುತ್ತಿದ್ದಳು. ಅವಳ ಸಂತೆ ಮುಗಿಯುವ ತನಕ ಇವನು ನಿಲ್ಲುತ್ತಿದ್ದದ್ದು ಚೌಡಣ್ಣನ ಅಂಗಡಿಯ ಮುಂದೆ. ಚೌಡಣ್ಣ ಚಿತ್ರಕಥೆ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದ. ನಮ್ಮವರ ಮಕ್ಕಳನ್ನು ಯಾರೂ ಅಂಗಡಿಯ ಒಳಗೆ ಕರೆಯದ ಕಾಲ ಅದು. ಆತ ಇವನನ್ನು ಕರೆದು, ಗೋಣಿಚೀಲದ ಮೇಲೆ ಕೂರಿಸಿ, ಬಾಡಿಗೆ ಕೇಳದೆ ಪುಸ್ತಕ ಕೈಗಿಟ್ಟ. ಹಾಳೆಯನ್ನು ಹಿಂದಕ್ಕೆ ಮಡಚಬಾರದು, ನಡುವಿನ ಪಿನ್ನು ಸಡಿಲವಾಗಬಾರದು, ಅಷ್ಟೇ ಷರತ್ತು. ನನ್ನ ಗಂಡ ಅಕ್ಷರ ಕೂಡಿಸಿ ಓದಲು ಕಲಿತದ್ದು ಶಾಲೆಯಲ್ಲಲ್ಲ, ಆ ಚೀಲದ ಮೇಲೆ. ಇದನ್ನು ಮದುವೆಯಾದ ವಾರದಲ್ಲೇ ನನಗೆ ಹೇಳಿದ್ದ, ಆಮೇಲೆ ನೂರು ಸಲ ಹೇಳಿದ್ದಾನೆ.

ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾದರೂ ಚೌಡಣ್ಣ ಒಂದು ಮಾಲೆಯನ್ನು ಮಾತ್ರ ಟ್ರಂಕಿನಲ್ಲಿ ಉಳಿಸಿಕೊಂಡಿದ್ದ. ಅಂಬಿಗನೊಬ್ಬನ ಸಾಹಸದ ಕಥೆ, ಅರವತ್ತನಾಲ್ಕು ಪುಸ್ತಕ. ಈಗ ಆತನಿಗೆ ಎಪ್ಪತ್ತೈದು ದಾಟಿದೆ. ಒಂದು ಕಣ್ಣು ಪೂರ್ತಿ ಹೋಗಿ, ಇನ್ನೊಂದು ಮಂಜಾಗುತ್ತಾ ಬಂದಾಗ, ಅಂಬಿಗನ ಮುಖವೇ ಕಾಣಿಸುತ್ತಿಲ್ಲ ಎಂದು ಭೀಮರಾಜನ ಮುಂದೆ ಅತ್ತನಂತೆ. ನನ್ನ ಗಂಡ ಅಲ್ಲೇ ಮಾತು ಕೊಟ್ಟು ಬಂದ. ಎಲ್ಲ ಪುಸ್ತಕ ಸ್ಕ್ಯಾನ್ ಮಾಡಿ ಟಿವಿಯಲ್ಲಿ ಗೋಡೆಯಗಲ ತೋರಿಸುತ್ತೇನೆ, ಪುಸ್ತಕಗಳನ್ನು ಕೊಟ್ಟ ಹಾಗೇ ವಾಪಸು ತರುತ್ತೇನೆ ಎಂದು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಭಾನುವಾರದ ಕಾಟ. ಸ್ಕ್ಯಾನರಿನ ಗಾಜಿನ ಮೇಲೆ ಪುಸ್ತಕವನ್ನು ಬೋರಲು ಹಾಕಿ ಒತ್ತಿದರೆ ಬೆನ್ನು ಮುರಿಯುತ್ತದಂತೆ, ತುಕ್ಕು ಹಿಡಿದ ಪಿನ್ನು ಹಾಳೆಯನ್ನು ಹರಿಯುತ್ತದಂತೆ. ಹಾಗಾಗಿ ಇವನು ಕೊಟ್ಟೂರಿನ ಬಡಗಿ ಪಾಲಾಕ್ಷಪ್ಪನ ಹತ್ತಿರ ಹೋಗಿ ವ್ಯಾಸಪೀಠ ಮಾಡಿಸಿಕೊಂಡು ಬಂದ. ಪುರಾಣ ಓದುವಾಗ ಗ್ರಂಥ ಇಡುತ್ತಾರಲ್ಲ, ಮಡಚುವ ಮರದ ಪೀಠ, ಅದೇ. ಯಾವ ಪುರಾಣ ಹಚ್ಚೀರಿ ಎಂದು ಬಡಗಿ ಕೇಳಿದ್ದಕ್ಕೆ ಚಿತ್ರಕಥೆಗೆ ಬೇಕು ಎಂದನಂತೆ, ನಾಚಿಕೆಯಿಲ್ಲದ ಮನುಷ್ಯ. ಆದರೆ ಅದರ ಮಡಿಲಲ್ಲಿ ಪುಸ್ತಕ ಅರ್ಧ ಮಾತ್ರ ತೆರೆಯುತ್ತಿತ್ತು, ಬೆನ್ನಿಗೆ ನೋವಿಲ್ಲ. ಫೋಟೊ ತೆಗೆಯಲು ಮೇಲೆ ಕೋಲಿಗೆ ಫೋನು ಕಟ್ಟಿದ. ಹಾಳೆಯ ಮೇಲೆ ಅಂಚು ಉಜ್ಜಿದ ತೆಳು ಗಾಜು. ಹಿಂಬದಿಯ ಚಿತ್ರ ಈಚೆಗೆ ಮೂಡಬಾರದೆಂದು ಹಾಳೆಯ ಕೆಳಗೆ ಕಪ್ಪು ಕಾಗದ. ಕಿಟಕಿಯ ಬಿಸಿಲಿಗೆ ಅಡ್ಡ ನನ್ನ ಮಾವನ ಬಿಳಿ ಪಂಚೆ. ಮೊದಲು ಬಲಗಡೆಯ ಪುಟಗಳೆಲ್ಲ, ಆಮೇಲೆ ಪುಸ್ತಕ ತಿರುಗಿಸಿ ಎಡಗಡೆಯವು, ಕಡೆಗೆ ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸುವುದು. ಉಗುರು ಕತ್ತರಿಸಿ, ಕೈ ತೊಳೆದು, ಒರೆಸಿ ಆರುವ ತನಕ ಕೈಯನ್ನು ಗಾಳಿಯಲ್ಲಿ ಹಿಡಿದು ಕೂರುತ್ತಿದ್ದ. ಒಗ್ಗರಣೆ ಹಾಕಿದರೆ ಹೊಗೆ ಬರುತ್ತದೆಂದು ಗೊಣಗುತ್ತಿದ್ದ. ಮಗು ಹೆತ್ತಾಗಲೂ ನನ್ನನ್ನು ಇಷ್ಟು ಜೋಪಾನ ಮಾಡಿರಲಿಲ್ಲ ಎಂದು ರೇಗಿಸುತ್ತಿದ್ದೆ. ಭಾನುವಾರಕ್ಕೆ ಒಂದೇ ಪುಸ್ತಕ.

ಐವತ್ತೈದು ಮುಗಿದಿದ್ದವು. ಅಷ್ಟರಲ್ಲಿ ಡಾಕ್ಟರು ಚೌಡಣ್ಣನ ಉಳಿದ ಕಣ್ಣಿಗೂ ಹೆಚ್ಚು ದಿನ ಇಲ್ಲ ಎಂದರು. ಅದೇ ಹೊತ್ತಿಗೆ ಇವನಿಗೆ ಕಲಬುರಗಿಯಲ್ಲಿ ಹತ್ತು ದಿನದ ತರಬೇತಿ ಬಂತು. ಇನ್ನು ಒಂಬತ್ತು ಪುಸ್ತಕ. ಕಥೆಯ ಕೊನೆ ಇದ್ದದ್ದೇ ಅವುಗಳಲ್ಲಿ. ಮನುಷ್ಯ ಊಟ ಬಿಟ್ಟು ಕೂತ. ಆಗ ನಾನೇ, ನನ್ನ ನಾಲಿಗೆಯೇ, ಕ್ರಾಂತಿಯ ಹೆಸರು ಎತ್ತಿದ್ದು. ಅವನದು ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ, ದಿನಕ್ಕೆ ಸಾವಿರ ಹಾಳೆ ನುಂಗುವ ಯಂತ್ರ ಇದೆ. ಭೀಮರಾಜ ಬೇಡವೆಂದ. ನಾನು ಸಿಟ್ಟಾದೆ. ನನ್ನ ತಮ್ಮನೆಂದರೆ ನಿಮಗೆ ಅಷ್ಟು ಅಗ್ಗವೇ ಎಂದು ಕೇಳಿದೆ. ಕ್ರಾಂತಿಯನ್ನು ಕರೆಸಿ ಗಂಡನ ಮುಂದೆಯೇ ಮಾತು ಕೊಡಿಸಿದೆ.

"ನಿನ್ನ ಆಣಿಗೂ ಅಕ್ಕಾ," ಎಂದು ನನ್ನ ತಲೆ ಮೇಲೆ ಕೈ ಇಟ್ಟ. "ಭಾವ ಹೆಂಗ ಮಾಡ್ತಾನ ಹಂಗ, ಪೀಠದ ಮ್ಯಾಲೆ ಇಟ್ಟು ಒಂದೊಂದೇ ಹಾಳಿ ಫೋಟೊ ತೆಗಿತೀನಿ. ಪಿನ್ನು ಬಿಚ್ಚಂಗಿಲ್ಲ."

ಭೀಮರಾಜ ಕಲಬುರಗಿಗೆ ಹೋದ ಮೇಲೆ ಗಾಜು, ಪೀಠ ಎರಡನ್ನೂ ನನ್ನ ಹಳೆಯ ಸೀರೆಯಲ್ಲಿ ಸುತ್ತಿ, ಜಾರದಂತೆ ಮೂರು ಸುತ್ತಿನ ಗಂಟು ಹಾಕಿ, ಪುಸ್ತಕಗಳ ಜೊತೆ ತಮ್ಮನಿಗೆ ಕೊಟ್ಟು ಕಳಿಸಿದೆ. ಎಂಟನೆಯ ದಿನ ಅವನು ಎಲ್ಲ ತಂದಿಟ್ಟ. ಒಂಬತ್ತು ಪುಸ್ತಕಗಳಿಗೂ ಶಾಲೆಯ ಮಕ್ಕಳ ಪುಸ್ತಕಕ್ಕೆ ಹಾಕುವ ಖಾಕಿ ಬೈಂಡು. ಧೂಳು ಕೂರಬಾರದೆಂದು ಹಾಕಿದ್ದೇನೆ, ಬಿಚ್ಚಬೇಡ ಎಂದ. ಎಷ್ಟು ಕಾಳಜಿ ನನ್ನ ತಮ್ಮನಿಗೆ ಎಂದು ಉಬ್ಬಿಹೋದೆ. ಪೀಠದ ಗಂಟನ್ನು ಅಟ್ಟಕ್ಕೆ ಇಡುವಾಗ ಮಾತ್ರ ಕೈ ಒಂದು ಕ್ಷಣ ತಡೆಯಿತು. ನಾನು ಹಾಕಿದ ಮೂರು ಸುತ್ತಿನ ಗಂಟು ಹಾಗೇ ಇತ್ತು. ಅವನಿಗೂ ಗಂಟು ಹಾಕಲು ಕಲಿಸಿದವಳು ಅಮ್ಮನೇ ಅಲ್ಲವೇ, ಅವನೇ ಮತ್ತೆ ಹಾಗೆ ಹಾಕಿರಬೇಕು ಎಂದುಕೊಂಡೆ. ಪುಸ್ತಕ ತೆರೆದು ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಚೌಡಣ್ಣ ಮೊಮ್ಮಗಳ ಕೈ ಹಿಡಿದು ಬಂದ. ಇಸ್ತ್ರಿ ಮಾಡಿದ ಜುಬ್ಬಾ ಹಾಕಿದ್ದ. ಕಲಬುರಗಿಯ ಬಸ್ಸು ತಡವಾಗಿ, ಭೀಮರಾಜ ಒಳಗೆ ಬಂದಾಗ ಆತ ಆಗಲೇ ಟಿವಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ಕ್ರಾಂತಿ ಟಿವಿಗೆ ವೈರು ಜೋಡಿಸುತ್ತಿದ್ದ. ನನ್ನ ಗಂಡ ಚೀಲ ಮೂಲೆಗಿಟ್ಟು, ಖಾಕಿ ಬೈಂಡು ನೋಡಿ ಹುಬ್ಬು ಗಂಟಿಕ್ಕಿದ. ಆದರೆ ಮುದುಕನ ಅವಸರ ನೋಡಿ ಸುಮ್ಮನಾದ. ಕೊನೆಯ ಪುಸ್ತಕವನ್ನೇ ಮೊದಲು ಹಚ್ಚು ಎಂದ ಚೌಡಣ್ಣ. ಚಿತ್ರ ಬಂತು, ಹೊಳೆ ಬಂತು, ದೋಣಿ ಬಂತು. ಆತ ಮಗುವಿನ ಹಾಗೆ ನಕ್ಕ. ನಡುವಿನ ಜೋಡಿ ಪುಟ ಬಂದಾಗ ಅಂಬಿಗನ ಮುಖದ ನಟ್ಟನಡುವೆ ಒಂದು ಬೆರಳಿನಷ್ಟು ಚಿತ್ರವೇ ಇರಲಿಲ್ಲ. ಕಣ್ಣೂ ಇಲ್ಲ, ಮೂಗೂ ಇಲ್ಲ, ಎರಡು ಕಿವಿ ಮಾತ್ರ ಹತ್ತಿರ ಬಂದು ನಿಂತಿದ್ದವು.

ಚೌಡಣ್ಣ ತನ್ನ ಕಣ್ಣನ್ನೇ ಬೈದುಕೊಂಡು, ಪುಸ್ತಕ ಕೈಗೆ ಕೊಡು ಎಂದ. ಭೀಮರಾಜ ಕೊಟ್ಟ. ಮುದುಕನ ಹೆಬ್ಬೆರಳು ಖಾಕಿಯೊಳಗೆ ಹೊಕ್ಕು ಬೆನ್ನಿನ ಉದ್ದಕ್ಕೂ ಮೇಲಿಂದ ಕೆಳಗೆ ಹೋಯಿತು, ಮತ್ತೆ ಕೆಳಗಿಂದ ಮೇಲೆ ಬಂತು.

"ಭೀಮಾ, ಪಿನ್ನು ಎಲ್ಲಿ ಅದಾವ?"

ಪಿನ್ನಿನ ಸಮೇತ ಬೆನ್ನನ್ನು ಯಂತ್ರದಲ್ಲಿ ಕೊಯ್ದು, ಬಿಡಿ ಹಾಳೆ ಮಾಡಿ ಸ್ಕ್ಯಾನ್ ಯಂತ್ರಕ್ಕೆ ನುಂಗಿಸಿ, ಗೋಂದು ಹಚ್ಚಿ ಮತ್ತೆ ಅಂಟಿಸಲಾಗಿತ್ತು. ಒಂಬತ್ತಕ್ಕೆ ಒಂಬತ್ತೂ. ನಾನು ತಮ್ಮನನ್ನು ನೋಡಿದೆ. ಅವನು ಟಿವಿ ನೋಡುತ್ತಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಭೀಮರಾಜ ನನ್ನನ್ನು ಒಂದೇ ಸಲ ನೋಡಿದ. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ನಾನ ಕೊಯ್ದೀನಿ, ಅಜ್ಜ," ಎಂದ ಭೀಮರಾಜ. "ಟೈಮ್ ಇರ್ಲಿಲ್ಲ."

ಚೌಡಣ್ಣ ಪುಸ್ತಕವನ್ನು ತೊಡೆಯ ಮೇಲಿಟ್ಟು ಟಿವಿ ಆರಿಸಲು ಹೇಳಿದ. ಬಸ್ಸಿಗೆ ಹೊತ್ತಾಯಿತು ಎಂದ. ಹಡಗಲಿಗೆ ಬೇಕಾದಷ್ಟು ಬಸ್ಸು ಇವೆ ಎಂದು ನಾವೆಲ್ಲರೂ ಬಲ್ಲೆವು. ಯಾರೂ ತಡೆಯಲಿಲ್ಲ. ಮಾಡಿಟ್ಟ ಹೋಳಿಗೆ ಮಾಡಿಟ್ಟಂತೆ ಉಳಿಯಿತು.

ಆಮೇಲೆ ಕ್ರಾಂತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ತುಕ್ಕು ಹಿಡಿದ ಪಿನ್ನಿಗೆ ಪೂಜೆ ಮಾಡುತ್ತೀಯೇನಕ್ಕಾ, ಗಮ್ ಬೈಂಡಿಂಗ್ ಇನ್ನೂ ಗಟ್ಟಿ, ಕಾಲೇಜಿನವರೆಲ್ಲ ನನ್ನ ಹತ್ತಿರವೇ ಮಾಡಿಸುತ್ತಾರೆ ಎಂದು ನನಗೇ ಪಾಠ ಹೇಳಿದ. ಒಂಬತ್ತೂ ಅರ್ಧ ಗಂಟೆಯ ಕೆಲಸವಂತೆ! ಹಾಗಾದರೆ ಖಾಕಿ ಬೈಂಡು ಹಾಕಿ ಮುಚ್ಚಿದ್ದು ಯಾಕೋ ಎಂದು ಕೇಳಿದೆ. ನನ್ನ ತಲೆ ಮುಟ್ಟಿದ ಕೈಯಿಂದಲೇ ಕೊಯ್ದು, ನನ್ನ ಕಿವಿ ಮೇಲೇ ಹೂ ಇಟ್ಟಿದ್ದ. ಹೊರಗೆ ನಡಿ ಎಂದೆ. ಹಾಲ್‌ಗೆ ಬಂದು ನೋಡಿದರೆ ಭೀಮರಾಜ ಅಟ್ಟದಿಂದ ಪೀಠ ಇಳಿಸಿ ಗಂಟನ್ನು ನೋಡುತ್ತಿದ್ದ. ಬಿಚ್ಚಿಯೇ ಇಲ್ಲವಲ್ಲ, ನೀನು ನೋಡಲಿಲ್ಲವೇ ಎಂದು ಕೇಳಿದ. ನೋಡಿದ್ದೆ ಎಂದೆ. ಅದನ್ನು ಮತ್ತೆ ಅಟ್ಟಕ್ಕೆ ಏರಿಸಿದ. ಇವತ್ತಿಗೂ ಇಳಿಸಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಒಬ್ಬಳೇ ಹಡಗಲಿಗೆ ಹೋದೆ. ನಾನು ಟೀಚರು, ಮಕ್ಕಳಿಗೆ ದಿನಾ ನಿಜ ಹೇಳಿ ಎನ್ನುವವಳು. ಚೌಡಣ್ಣ ಖಾಲಿ ಟ್ರಂಕಿನ ಪಕ್ಕ ಕೂತಿದ್ದ. ಐವತ್ತೈದು ಪುಸ್ತಕಗಳನ್ನು ಮುಂದಿಟ್ಟು, ಕೊಯ್ದವನು ನನ್ನ ತಮ್ಮ, ಕೊಟ್ಟವಳು ನಾನು, ನಿಮ್ಮ ಭೀಮನದು ಏನೂ ತಪ್ಪಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಆತ ಒಂದು ಪುಸ್ತಕ ಎತ್ತಿಕೊಂಡು ಬೆನ್ನಿನ ಎರಡೂ ಪಿನ್ನು ಮುಟ್ಟಿ ನೋಡಿ ಟ್ರಂಕಿಗೆ ಹಾಕಿದ. ಇನ್ನೊಂದು ಎತ್ತಿಕೊಂಡ.

"ಅವನದು ಕೊಯ್ಯ ಕೈ ಅಲ್ಲ ಅಂತ ನನಗ ನಿನ್ನಿ ದಿನಾನ ಗೊತ್ತಾಗೇತಿ," ಎಂದ. ನನಗೆ ಜೀವ ಬಂದಂತಾಯಿತು. ಆಮೇಲೆ ನನ್ನ ಧ್ವನಿ ಬಂದ ಕಡೆ ಮುಖ ತಿರುಗಿಸಿದ.

"ಅವನು ಹಂಗ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳೋವಾಗ ನೀನು ಅಲ್ಲೇ ಕುಂತಿದ್ದಿ ಅಲ್ಲೇನವ್ವಾ?"

ಹೂಂ ಎಂದೆ.