ಪೂಜೆ ಮಾಡಿದ ಬೈಪಾಸ್ ವಾಲ್ವು

ನನಗೆ ಹೇಸಿಗೆ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನರ್ಸ್ ಆಗಿ ಹದಿನಾರು ವರ್ಷ ಕೀವು, ರಕ್ತ, ವಾಂತಿ ಎಲ್ಲ ಒರೆಸಿದ್ದೇನೆ. ಅದಕ್ಕೆ ಎಂದೂ ಮುಖ ಸಿಂಡರಿಸಿದವಳಲ್ಲ. ಕಾಯಿಲೆಯ ಕೊಳೆಯನ್ನು ಯಾರೂ ಬೇಕೆಂದು ತಂದುಕೊಳ್ಳುವುದಿಲ್ಲ. ಆದರೆ ಗಟ್ಟಿಮುಟ್ಟಾಗಿರುವ ಗಂಡಸೊಬ್ಬ ಶನಿವಾರ ಬೆಳಗ್ಗೆ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ತಾನಾಗಿ ಹೋಗಿ ಕಾರಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈಹಾಕಿ, ಅದೇ ಕೈಯಲ್ಲಿ ಬಂದು ಫ್ರಿಜ್ಜಿನ ಹಿಡಿಕೆ ಹಿಡಿಯುತ್ತಾನಲ್ಲ, ಆಗ ನನ್ನ ಹೊಟ್ಟೆ ತೊಳಸುತ್ತದೆ.

ಆ ಗಂಡಸು ನಮ್ಮ ಮನೆಯವರು. ಧಾರವಾಡದಲ್ಲಿದ್ದಾಗ ಇವರು ಓಡಿಸುತ್ತಿದ್ದದ್ದು ಒಂದು ಮೊಪೆಡ್ಡು. ಅದು ಕೆಟ್ಟರೆ ತಳ್ಳಿಕೊಂಡು ಮೇಸ್ತ್ರಿಯ ಹತ್ತಿರ ಹೋಗುತ್ತಿದ್ದರೇ ಹೊರತು ಪ್ಲಗ್ಗು ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ದೇಶ ಬಿಟ್ಟು ಟೌರಂಗಾಕ್ಕೆ ಬಂದು, ಬಂದರಿನಲ್ಲಿ ಹಡಗುಗಳ ವೇಳಾಪಟ್ಟಿ ಮಾಡುವ ಕೆಲಸಕ್ಕೆ ಸೇರಿ, ಜಪಾನಿನಿಂದ ಬಂದ ಹಳೆಯ ಟರ್ಬೊ ಕಾರೊಂದನ್ನು ಕೊಂಡ ಮೇಲೆ ನಲವತ್ನಾಲ್ಕನೆಯ ವಯಸ್ಸಿನಲ್ಲಿ ಇವರೊಳಗೆ ಒಬ್ಬ ಮೆಕ್ಯಾನಿಕ್ ಹುಟ್ಟಿದ. ಹುಟ್ಟಿದವನು ನನ್ನ ಅಡುಗೆಮನೆಯಲ್ಲೇ ಬೆಳೆದ. ನಾನು ದೋಸೆಯ ಕಾವಲಿಗೆ ಎಣ್ಣೆ ಸವರಲು ಇಟ್ಟುಕೊಂಡಿದ್ದ ಬ್ರಶ್ಶು ಒಂದು ದಿನ ಗ್ರೀಸಿನ ಡಬ್ಬಿಯಲ್ಲಿ ಸಿಕ್ಕಿತು. ಹಿಟ್ಟು ನಾದುವ ಪರಾತದಲ್ಲಿ ಬೋಲ್ಟುಗಳು ಸೀಮೆಎಣ್ಣೆ ಕುಡಿಯುತ್ತ ಮಲಗಿದ್ದವು. ಪರಾತವನ್ನು ನಾಲ್ಕು ಸಲ ತಿಕ್ಕಿ ತೊಳೆದೆ. ಆಮೇಲೆ ಅದರಲ್ಲಿ ಚಪಾತಿ ಹಿಟ್ಟು ಕಲಸಲು ಮನಸ್ಸಾಗದೆ ಕಸಕ್ಕೆ ಹಾಕಿದೆ.

ಆ ವರ್ಷ ಇವರ ತಲೆಗೆ ಹೊಕ್ಕಿದ್ದು ಬೈಪಾಸ್ ವಾಲ್ವು. ಊಟದ ತಟ್ಟೆಯ ಮುಂದೆ ನೂರು ಸಲ ಕೇಳಿ ನನಗೂ ಬಾಯಿಪಾಠವಾಗಿದೆ. ಟರ್ಬೊ ಎಂದರೆ ಇಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುವ ಪಂಖ. ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದಾಗ ಆ ಒತ್ತಿದ ಗಾಳಿಗೆ ಹೋಗಲು ದಾರಿ ಬೇಕು. ಈ ವಾಲ್ವು ಬಾಯಿ ತೆರೆದು ಅದನ್ನು ವಾಪಸು ಕಳಿಸುತ್ತದೆ. ಮತ್ತೆ ಕಾಲು ಒತ್ತಿದಾಗ ಬಾಯಿ ಮುಚ್ಚಬೇಕು. ಮುಚ್ಚದಿದ್ದರೆ ಗಾಳಿ ಸೋರಿಹೋಗಿ ಕಾರು ಮುದಿ ಎತ್ತಿನಂತೆ ನಡೆಯುತ್ತದೆ. ಕಾರಿನ ಜೊತೆ ಬಂದ ವಾಲ್ವು ಪ್ಲಾಸ್ಟಿಕ್ಕಿನದು, ಇಂದೋ ನಾಳೆಯೋ ಒಡೆಯುತ್ತದೆ, ಹೊರಗೆ ಸಿಗುವ ಅಲ್ಯುಮಿನಿಯಮ್ಮಿನದನ್ನು ಕೂಡಿಸಬೇಕು ಎಂಬುದು ಇವರ ವಾದ. ನಿಜವಾದ ಕಾರಣ ನನಗೆ ಗೊತ್ತಿತ್ತು. ಹೊಸದು ಕೂಡಿಸಿದರೆ ಕಾಲು ತೆಗೆದಾಗಲೆಲ್ಲ ಕಾರು ಬುಸ್ ಎನ್ನುತ್ತದೆ. ಮೀಸೆ ನರೆತ ಮನುಷ್ಯನಿಗೆ ಆ ಬುಸ್ ಬೇಕಾಗಿತ್ತು. ಆ ಸದ್ದಿನ ವಿಡಿಯೋಗಳನ್ನು ಇವರು ಸೋಫಾದ ಮೇಲೆ ಕೂತು ಒಂದರ ಹಿಂದೊಂದು ನೋಡಿ ನಗುವಾಗ, ಈ ಮನುಷ್ಯನಿಗೆ ನನ್ನನ್ನು ಕೊಟ್ಟ ಹಿರಿಯರ ಮೇಲೆ ಸಿಟ್ಟು ಬರುತ್ತಿತ್ತು.

ಅದೇ ಹೊತ್ತಿಗೆ ನನಗೊಂದು ಕೆಲಸ ಬಂದಿತ್ತು. ಮನೆಮನೆಗೆ ಹೋಗಿ ವಯಸ್ಸಾದವರ ಗಾಯ ಕಟ್ಟಿ, ಔಷಧಿ ನೋಡಿ ಬರುವ ನರ್ಸಿನ ಕೆಲಸ. ಎರಡು ಬಸ್ಸು ಬದಲಿಸಿ ವೃದ್ಧಾಶ್ರಮಕ್ಕೆ ಹೋಗಿ ಬರುತ್ತಿದ್ದ ನನಗೆ ಅದು ದೇವರು ಕೊಟ್ಟ ವರ. ಷರತ್ತು ಒಂದೇ: ಇಲ್ಲಿನ ಪೂರ್ಣ ಲೈಸೆನ್ಸ್ ಬೇಕು. ಊರಿನ ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿತ್ತು. ಗುರುವಾರ ಟೆಸ್ಟ್, ಪಾಸಾದರೆ ಸೋಮವಾರದಿಂದ ಕೆಲಸ. ಅಲ್ಲಿಯ ಮ್ಯಾನೇಜರ್ ನನಗಾಗಿ ಅಷ್ಟು ದಿನ ಕಾದಿದ್ದರು, ಇನ್ನು ಕಾಯಲಾಗದು ಎಂದೂ ಹೇಳಿದ್ದರು. ಟೆಸ್ಟಿಗೆ ನಮ್ಮದೇ ಕಾರು ಒಯ್ಯಬೇಕು, ನಮ್ಮಲ್ಲಿದ್ದದ್ದು ಆ ಒಂದೇ ಕಾರು.

ಟೆಸ್ಟಿಗೆ ಐದು ದಿನ ಇರುವಾಗ, ಶನಿವಾರ ಬೆಳಗ್ಗೆ, ಇವರು ಬಾನೆಟ್ ಎತ್ತಿದರು.

“ಗುರುವಾರ ಟೆಸ್ಟ್ ಅದ ರೀ. ಅದು ಮುಗಿಯೂತನಕಾ ಕಾರಿಗೆ ಕೈ ಹಚ್ಚಬ್ಯಾಡ್ರಿ” ಎಂದೆ.

“ಅದಕ್ಕ ಮಾಡ್ಲಿಕ್ಕತ್ತೇನಿ. ಹಳೇದು ಟೆಸ್ಟಿನ ದಿನಾನ ಕೈ ಕೊಟ್ರ ಏನ ಮಾಡ್ತಿ? ಎರಡು ಬೋಲ್ಟು, ಎರಡು ಕ್ಲಾಂಪು, ಅಷ್ಟ. ಊಟಕ್ಕ ಮುಂಚೆ ಮುಗಿಸ್ತೇನಿ.”

ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಡೈನಿಂಗ್ ಟೇಬಲ್ ಮೇಲೆ ಹೊಸ ವಾಲ್ವು ಡಬ್ಬಿ ಬಿಚ್ಚಿ ಕೂತಿತ್ತು. ನಮ್ಮ ಮನೆಯಲ್ಲಿ ಹೊಸದು ಏನೇ ಬಂದರೂ, ಮಿಕ್ಸರ್ ಇರಲಿ ಮೊಬೈಲ್ ಇರಲಿ, ಪೂಜೆಯಾಗದೆ ಬಳಸುವುದಿಲ್ಲ. ನಮ್ಮವ್ವ ಹಾಗೆ ಮಾಡುತ್ತಿದ್ದಳು, ನಾನೂ ಮಾಡುತ್ತೇನೆ. ಬೇರೆ ದಿನವಾಗಿದ್ದರೆ ಆ ದರಿದ್ರ ವಾಲ್ವಿಗೆ ಪೂಜೆ ಬೇರೆ ಕೇಡು ಎನ್ನುತ್ತಿದ್ದೆನೋ ಏನೋ. ಆದರೆ ಗುರುವಾರದ ಹೆದರಿಕೆ ಹೊಟ್ಟೆಯಲ್ಲಿತ್ತು. ಅದನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಟೆಸ್ಟ್ ಪಾಸಾಗಲಪ್ಪಾ ಎಂದು ಕೈಮುಗಿದೆ. ಆಮೇಲೆ ಒಂದು ಸಲ ಕೊಡವಿ, ಹೊರಗೆ ಒಯ್ದು ಇವರ ಕೈಗೆ ಕೊಟ್ಟೆ.

ಇವರು ಅದನ್ನು ಬೆಳಕಿಗೆ ಹಿಡಿದು ಬಾಯಿಯ ಹತ್ತಿರ ತಂದರು. “ಒಳಗ ಒಮ್ಮೆ ಊದಿಬಿಡ್ತೇನಿ. ಏನರೆ ಕಸ ಇದ್ರ ಹೋಗ್ತದ. ಕೂಡ್ಸೂಕಿಂತ ಮುಂಚೆ ನೋಡ್ಕೋಬೇಕಂತ ಬರದಾರ.”

ನನಗೆ ಮೈ ಉರಿದುಹೋಯಿತು. ಬೆಳಗ್ಗೆಯಿಂದ ಮೂರು ಸಲ ಚಹಾ ಕುಡಿದ ಬಾಯಿ, ಮೀಸೆಯ ತುದಿಗೆ ಅವಲಕ್ಕಿಯ ಚೂರು. “ಪೂಜಾ ಮಾಡಿದ್ದಕ್ಕ ಬಾಯಿ ಹಚ್ಚತೀರೇನು? ಎಂಜಲ ಆಗತದ. ನಿಮಗ ಹೇಸಿಗೀನರೆ ಬರತದೋ ಇಲ್ಲೋ? ಹಂಗ ಕೂಡ್ಸರಿ.”

“ಆತವಾ ತಾಯಿ” ಎಂದರು. ಊದದೆ ಕೂಡಿಸಿದರು. ಕುಂಕುಮವನ್ನೂ ಒರೆಸಲಿಲ್ಲ.

ಭಾನುವಾರ ನಾನು ಓಡಿಸಿ ನೋಡಿದೆ. ಕಾರು ಚೆನ್ನಾಗಿಯೇ ಓಡಿತು. ಕಾಲು ತೆಗೆದಾಗಲೆಲ್ಲ ನೆಗಡಿಯಾದವರು ಮೂಗು ಸೀದಿದ ಹಾಗೆ ಸದ್ದು. ಇವರು ಪಕ್ಕದಲ್ಲಿ ಕೂತು ಪ್ರತಿ ಸೀದಾಟಕ್ಕೂ ನನ್ನ ಮುಖ ನೋಡುತ್ತಿದ್ದರು, ನಾನು ಹೊಗಳಲಿ ಎಂದು. ನಾನು ಕಿಟಕಿ ಏರಿಸಿದೆ.

ಗುರುವಾರ ಬೆಳಗ್ಗೆ ಟೆಸ್ಟ್ ತೆಗೆದುಕೊಳ್ಳಲು ಬಂದವರು ಬೆಳ್ಳಿಗೂದಲಿನ ಹೆಂಗಸು. ಒಳ್ಳೆಯವರು, ಹೆದರಬೇಡಿ ಎಂದರು. ಮೊದಲ ಇಪ್ಪತ್ತು ನಿಮಿಷ ತಪ್ಪೇನೂ ಆಗಲಿಲ್ಲ. ಕಾರು ಸ್ವಲ್ಪ ಜಡವಾಗಿದೆ ಅನ್ನಿಸಿತು. ನಾನೇ ಹೆದರಿ ಸರಿಯಾಗಿ ಕಾಲು ಒತ್ತುತ್ತಿಲ್ಲ ಅಂದುಕೊಂಡೆ. ಆಮೇಲೆ ಒಂದು ದೊಡ್ಡ ರೌಂಡ್‌ಅಬೌಟ್ ಬಂತು. ಈ ಊರಿನಲ್ಲಿ ನೂರು ಗಜಕ್ಕೊಂದು ರೌಂಡ್‌ಅಬೌಟ್, ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಿಂತೆ, ನೋಡಿದೆ. ಬಲಗಡೆ ಒಂದು ಯೂಟ್, ಅಂದರೆ ಇಲ್ಲಿನ ಪಿಕಪ್ ಗಾಡಿ, ದೂರದಲ್ಲಿತ್ತು. ನನ್ನ ಕಾರು ನನಗೆ ಗೊತ್ತು, ಕಾಲು ಒತ್ತಿದರೆ ಜಿಗಿಯುತ್ತದೆ, ಆ ಯೂಟ್ ಬರುವಷ್ಟರಲ್ಲಿ ಆಚೆಗಿರುತ್ತೇನೆ. ಕಾಲು ಒತ್ತಿದೆ.

ಕಾರು ಜಿಗಿಯಲಿಲ್ಲ. ಇಂಜಿನ್ನು ಕೂಗಿತು, ಎಲ್ಲಿಂದಲೋ ಗಾಳಿ ಸುಯ್ಯೆಂದು ಸೋರಿತು, ಕಾರು ಬಸುರಿ ಎಮ್ಮೆಯ ಹಾಗೆ ರಸ್ತೆಯ ನಡುವೆ ತೆವಳಿತು. ಯೂಟಿನವನು ಬ್ರೇಕ್ ತುಳಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವನ ಬಂಪರು ನನ್ನ ಬಾಗಿಲಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಹಾರ್ನ್ ಬಾರಿಸಿ, ಕಿಟಕಿಯಿಂದ ಕೈ ಹೊರಹಾಕಿ ಏನೋ ಅಂದ. ಪಕ್ಕದ ಹೆಂಗಸು ಮೆತ್ತಗೆ, ಇಲ್ಲಿಗೆ ನಿಲ್ಲಿಸೋಣ, ವಾಪಸು ಹೋಗೋಣ ಎಂದರು. ದಾರಿ ಬಿಡದಿದ್ದದ್ದು ದೊಡ್ಡ ತಪ್ಪು, ಅಲ್ಲಿಗೆ ಟೆಸ್ಟ್ ಮುಗಿಯಿತು. ಕಾರೇ ಹೋಗಲಿಲ್ಲ ಎಂದು ನಾನು ಹೇಳಿದೆ. ಅವರು ತಲೆ ಆಡಿಸಿ ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಂಡರು.

ಮರುದಿನ ಮ್ಯಾನೇಜರ್ ಫೋನ್ ಮಾಡಿ, ಬೇಜಾರಾಗುತ್ತದೆ, ಆದರೆ ನಾವು ಬೇರೆಯವರನ್ನು ತೆಗೆದುಕೊಂಡೆವು ಎಂದರು. ಥ್ಯಾಂಕ್ಯೂ ಎಂದು ಹೇಳಿ ಫೋನಿಟ್ಟೆ. ವೃದ್ಧಾಶ್ರಮದ ಬಸ್ಸಿಗೆ ಹೊತ್ತಾಗಿತ್ತು.

ಅಷ್ಟರಲ್ಲಿ ಇವರಿಗೆ ಮಂಗಳಾರತಿ ಶುರುವಾಗಿತ್ತು. ಟೆಸ್ಟ್ ಮುಗಿಸಿ ಬಂದ ಗುರುವಾರ ಸಂಜೆಯೇ, ಇವರು ಬೂಟು ಬಿಚ್ಚುವ ಮೊದಲೇ ಬೈದೆ. ಕೆಲಸ ಬರದವನ ಕೈಗೆ ಪಾನಾ ಕೊಟ್ಟವರು ಯಾರು ಎಂದೆ. ನಿಮ್ಮ ಆ ಬುಸ್‌ಬುಸ್ ಕೇಳಲಿಕ್ಕೆ ನನ್ನ ಬಾಳು ಬಲಿ ಕೊಟ್ಟಿರಿ ಎಂದೆ. ನಿಮ್ಮ ಕೈ ನೋಡಿದರೆ ವಾಂತಿ ಬರುತ್ತದೆ ಎಂದೂ ಅಂದೆ. ಇವರು ಹಾಕಿದ್ದ ಬೂಟಿನಲ್ಲೇ ಹೊರಗೆ ಹೋದರು. ಇನ್ನೂ ಬಿಸಿಲಿತ್ತು. ಹೊಸ ವಾಲ್ವು ಬಿಚ್ಚಿ ಹಳೆಯ ಪ್ಲಾಸ್ಟಿಕ್ಕಿನದನ್ನು ಕೂಡಿಸಿದರು. ಒಳಗೆ ಬರುವ ಮೊದಲು ಅಂಗಳದ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದರು. ಅದು ನಾನು ಕಂಡ ಮೊದಲ ಸಲ.

“ತಪ್ಪು ನಂದ ಅದ. ಬೈಯಿ” ಎಂದರು.

ಬೈಯಲು ಅಪ್ಪಣೆ ಬೇರೆ ಬೇಕೆ? ಐದು ವಾರ ಬೈದೆ. ಬಸ್ಸಿನಿಂದ ಇಳಿದು ಮಳೆಯಲ್ಲಿ ನೆನೆದು ಬಂದಾಗ ಬೈದೆ, ಬಸ್ಸು ತಪ್ಪಿದಾಗ ಫೋನ್ ಮಾಡಿ ಬೈದೆ. ದೇವಸ್ಥಾನದಲ್ಲಿ ಸಿಕ್ಕ ನಮ್ಮ ಕಡೆಯ ಆಂಟಿಯರ ಮುಂದೆ ಈ ಕಥೆಯನ್ನು ನಗುವಂತೆ ಹೇಳಿದೆ, ಅವರೆಲ್ಲ ನಕ್ಕರು. ಇವರು ಪಕ್ಕದಲ್ಲೇ ಪ್ರಸಾದದ ದೊನ್ನೆ ಹಿಡಿದು ನಿಂತಿದ್ದರು, ತಾವೂ ನಕ್ಕರು. ಆ ನಗುವನ್ನು ಕಂಡು, ಈ ಮನುಷ್ಯನಿಗೆ ಮಾನ ಮರ್ಯಾದೆ ಏನೂ ಇಲ್ಲ ಎಂದು ಇನ್ನಷ್ಟು ಅಸಹ್ಯವಾಯಿತು ನನಗೆ. ನಡುನಡುವೆ ಸಂಜೆಯ ಹೊತ್ತು ಇವರೇ ನನ್ನನ್ನು ಕೂಡಿಸಿಕೊಂಡು ಹೋಗಿ ಅದೇ ರೌಂಡ್‌ಅಬೌಟಿನಲ್ಲಿ ಹತ್ತು ಹತ್ತು ಸಲ ಸುತ್ತಿಸಿದರು. ಎರಡನೆಯ ಟೆಸ್ಟಿನಲ್ಲಿ ಪಾಸಾದೆ. ಮನೆಗೆ ಬಂದು ಇವರಿಗೆ ಹೇಳಿದ್ದು, ಹಳೇ ವಾಲ್ವಿನ ಪುಣ್ಯ ಅಂತ.

ಲೈಸೆನ್ಸ್ ಬಂದ ವಾರ ಗರಾಜು ಚೊಕ್ಕಟ ಮಾಡಲು ಹೊರಟೆ. ಮೊದಲು ಎಸೆಯಬೇಕಾದದ್ದು ಯಾವುದು ಎಂದು ನನಗೆ ಗೊತ್ತಿತ್ತು. ಮೇಲಿನ ಹಲಗೆಯಿಂದ ಆ ವಾಲ್ವಿನ ಡಬ್ಬಿ ಇಳಿಸಿದೆ. ಬೆರಳಿಗೆ ಎಣ್ಣೆ ತಾಗಿ ಮುಖ ಕಿವಿಚಿಕೊಂಡೆ. ಡಬ್ಬಿಯೊಳಗೆ ವಾಲ್ವಿನ ಪಕ್ಕ ಒಂದು ಪುಟ್ಟ ಪ್ಲಾಸ್ಟಿಕ್ ಚೀಲವಿತ್ತು. ಬೋಲ್ಟು ಇರಬಹುದೆಂದು ಬೆಳಕಿಗೆ ಹಿಡಿದೆ. ಒಳಗಿದ್ದದ್ದು ಒಂದು ಅಕ್ಕಿಕಾಳು. ಅರಿಶಿನದ ಬಣ್ಣ, ತುದಿಗೆ ಚೂರು ಕುಂಕುಮ, ನಡುವೆ ಒತ್ತಿ ಚಪ್ಪಟೆಯಾಗಿತ್ತು.

ಒಳಗೆ ಹೋಗಿ ಇವರ ಮುಂದೆ ಆ ಚೀಲ ಹಿಡಿದೆ.

“ಯಾವಾಗ ಸಿಕ್ಕಿತು?”

ಇವರು ಪೇಪರು ಮಡಿಸಿಟ್ಟರು. “ಅವತ್ತ, ಗುರುವಾರ. ಒಳಗ ಎಲ್ಲ್ಯೋ ಮೂಲ್ಯಾಗ ಕೂತಿತ್ತು ಕಾಣ್ತದ. ಆಮ್ಯಾಲೆ ಸರದು ಬಾಯಾಗ ಸಿಕ್ಕೊಂಡದ. ವಾಲ್ವು ಮುಚ್ಚಲಿಕ್ಕೇ ಬಂದಿಲ್ಲ.”

“ನನಗ ಯಾಕ ಹೇಳ್ಲಿಲ್ಲ?”

“ನನ್ನ ಬೈದ್ರ ನಿನಗ ಸಿಟ್ಟಷ್ಟ ಬರತಿತ್ತು. ಇದು ಗೊತ್ತಾಗಿದ್ರ ನಿನ್ನ ನೀನ ಬೈಕೋತ ಕೂಡತಿದ್ದಿ, ಮತ್ತ ಸ್ಟೇರಿಂಗ್ ಮುಟ್ಟತಿದ್ದಿಯೇನು?”

“ಅವತ್ತ ಒಗದಬಿಡಬೇಕಿತ್ತು. ಇಟ್ಕೊಂಡದ್ದು ಯಾಕ?”

“ಅಕ್ಷತಿ ಕಸದಾಗ ಒಗೀಬಾರದಂತ ನೀನ ಹೇಳ್ತಿಯಲ್ಲ” ಎಂದರು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವುದು ಎಂಬ ಗಾದೆಯನ್ನು ನಾನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ದೇವಸ್ಥಾನದಲ್ಲಿ ದೊನ್ನೆ ಹಿಡಿದು ನಕ್ಕ ಇವರ ಮುಖ ನೆನಪಾಯಿತು. ಇವರ ಕರಿ ಕೈಗಳ ಬಗ್ಗೆ ನನಗಿದ್ದ ಹೇಸಿಗೆಯೆಲ್ಲ ಒಟ್ಟಾಗಿ ನನ್ನ ನಾಲಿಗೆಯ ಮೇಲೆ ಬಂದು ಕೂತಿತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು, ಕೈ ತೊಳೆದರೆ ಹೋಗುವಂಥದ್ದಲ್ಲ ಅದು. ಊದಿಬಿಡ್ತೇನಿ ಅಂದಿದ್ದರು. ಬೇಡ ಅಂದವಳು ನಾನು. ಆ ಒಂದು ಉಸಿರಿಗೆ ಕಾಳು ಹಾರಿಹೋಗುತ್ತಿತ್ತು, ಸೋಮವಾರ ನಾನು ಕೆಲಸಕ್ಕೆ ಹೋಗುತ್ತಿದ್ದೆ.

ಕಾಳನ್ನು ತುಳಸಿಯ ಕುಂಡದಲ್ಲಿ ಹಾಕಿ ಬಂದೆ. ಆಮೇಲೆ ವಾಲ್ವು ಎತ್ತಿಕೊಂಡು ಕಾರಿನ ಹತ್ತಿರ ಹೋಗಿ, “ಬರ್ರಿ, ಇದನ್ನ ಕೂಡಸ್ರಿ” ಎಂದು ಕರೆದೆ.

ಇವರು ನಂಬಿಕೆಯಿಲ್ಲದೆ ಬಂದರು. “ಅದಾತು, ಆದ್ರ ಈ ಸಲ ಮೊದಲ ಒಂದ ಬಟ್ಟಿಲೆ...” ಎಂದು ಕೈ ಚಾಚಿದರು.

ನಾನು ಕೊಡಲಿಲ್ಲ. ಆ ವಾಲ್ವಿನ ಬಾಯಿಗೆ ನನ್ನ ಬಾಯಿ ಹಚ್ಚಿ, ಉಸಿರು ಕಟ್ಟಿ ಊದಿದೆ. ಹಳೆಯ ಎಣ್ಣೆ, ಲೋಹದ ಒಗರು, ಹಳಸಿದ ಕುಂಕುಮ ಎಲ್ಲ ಸೇರಿ ತುಟಿಗೆ ಮೆತ್ತಿಕೊಂಡಿತು. ಒರೆಸಿಕೊಳ್ಳಲಿಲ್ಲ. ಇನ್ನೊಮ್ಮೆ ಊದಿ ಇವರ ಕೈಗೆ ಕೊಟ್ಟೆ.